ಬಿಸಿಲೂರಿಗೆ ಕಲ್ಲಿದ್ದಲು ಯಾಕೆ ಬೇಕು?

ಪ್ರಶ್ನೆ: ಸರ್, ನಮ್ಮದು ರಾಯಚೂರು–ಬಳ್ಳಾರಿ ಸೀಮೆಯ ಒಂದು ಹಳ್ಳಿ. ಹತ್ತಿರದಲ್ಲೇ ಥರ್ಮಲ್ ಪ್ಲಾಂಟ್ ಇದೆ. ಗಾಳಿ ಈ ಕಡೆ ಬೀಸಿದರೆ ಮಾಳಿಗೆ ಮೇಲೆ ಒಣಹಾಕಿದ ಮೆಣಸಿನಕಾಯಿ ಮೇಲೂ ಬೂದಿ ಕೂರುತ್ತದೆ. ನನ್ನ ತಮ್ಮ ಅಲ್ಲೇ ಕಾಂಟ್ರ್ಯಾಕ್ಟ್ ಕೆಲಸಕ್ಕೆ ಹೋಗುತ್ತಾನೆ. ಹೈಸ್ಕೂಲ್ ಓದುವ ಮಗಳು ಕಲ್ಲಿದ್ದಲು ನಿಲ್ಲಿಸಲೇಬೇಕು ಅಂತಾಳೆ. ಮನೆಯವರು "ಹಂಗಾದ್ರೆ ಪಂಪ್‌ಸೆಟ್‌ಗೆ ಕರೆಂಟ್ ಎಲ್ಲಿಂದ ಬರ್ತದ?" ಅಂತಾರೆ. ಇಷ್ಟು ಬಿಸಿಲು ಸುಡುವ ಊರಲ್ಲಿ ಕಲ್ಲಿದ್ದಲು ಯಾಕೆ ಸುಡಬೇಕು? ನಿಲ್ಲಿಸಿದರೆ ತಮ್ಮನ ಗತಿ ಏನು?

ಉತ್ತರ: ತಂಗಿ, ನಿಮ್ಮ ಮಗಳು ಹೇಳುವುದು ಸರಿ. ಮನೆಯವರು ಕೇಳುತ್ತಿರುವುದೂ ಕೇಳಲೇಬೇಕಾದ ಪ್ರಶ್ನೆ. ಆದರೆ ಇಬ್ಬರ ಲೆಕ್ಕ ಬೇರೆ ಬೇರೆ. ಮಗಳದ್ದು ಟನ್ ಲೆಕ್ಕ, ಅಂದರೆ ಎಷ್ಟು ಕಲ್ಲಿದ್ದಲು ಸುಡುತ್ತೇವೆ ಅನ್ನುವುದು. ಮನೆಯವರದ್ದು ಮೆಗಾವ್ಯಾಟ್ ಲೆಕ್ಕ, ಅಂದರೆ ಬೇಕಾದ ಹೊತ್ತಿಗೆ ಎಷ್ಟು ಕರೆಂಟ್ ಸಿಗುತ್ತದೆ ಅನ್ನುವುದು. ನಾನು ಮೂವತ್ತು ವರ್ಷ ಬಾಯ್ಲರ್ ಮತ್ತು ಕಂಟ್ರೋಲ್ ರೂಮಿನಲ್ಲಿ ಕಳೆದವನು. ಈ ಎರಡು ಲೆಕ್ಕ ಕಲಸಿಹೋದಾಗಲೇ ಈ ವಾದ ಮುಗಿಯದ ಜಗಳವಾಗುತ್ತದೆ. ಟನ್ ಇಳಿಸುವ ಕೆಲಸ ಈಗಲೇ ಶುರುವಾಗಬೇಕು. ಮೆಗಾವ್ಯಾಟ್ ಕಳಚುವುದಕ್ಕೆ ಮಾತ್ರ ಸ್ವಲ್ಪ ಕಾಯಬೇಕು. ನನ್ನ ಅಭಿಪ್ರಾಯ ಇಷ್ಟೇ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ನಮ್ಮ ಸೀಮೆಯ ಹೊರೆ ನೋಡಿ. ಶಕ್ತಿನಗರದಲ್ಲಿ 8 ಘಟಕ, ಒಟ್ಟು 1,720 ಮೆಗಾವ್ಯಾಟ್. ಮೊದಲನೆಯದು ಶುರುವಾಗಿದ್ದು 1985ರಲ್ಲಿ. ಕುಡಿತಿನಿಯಲ್ಲಿ ಮೂರು ಘಟಕ, 1,700. ಯರಮರಸ್‌ನಲ್ಲಿ 800ರ ಎರಡು. ಕೂಡಿಸಿದರೆ 5,020 ಮೆಗಾವ್ಯಾಟ್. ರಾಜ್ಯದ ವಿದ್ಯುತ್ ನಿಗಮ ಮತ್ತು ಅದರ ಜಂಟಿ ಕಂಪನಿ ಕಟ್ಟಿದ ಕಲ್ಲಿದ್ದಲು ಸ್ಥಾವರಗಳೆಲ್ಲ ಈ ಎರಡೇ ಜಿಲ್ಲೆಯಲ್ಲಿವೆ. (ಪ್ಲಾಂಟಿನಲ್ಲಿ ಒಂದೊಂದು ಬಾಯ್ಲರ್–ಟರ್ಬೈನ್ ಜೋಡಿಗೆ 'ಯೂನಿಟ್' ಅನ್ನುತ್ತಾರೆ. ಬಿಲ್ಲಿನ ಯೂನಿಟ್ ಬೇರೆ. ಗೊಂದಲ ಆಗಬಾರದು ಅಂತ ಇಲ್ಲಿ ಅದನ್ನು ಘಟಕ ಅಂತ ಕರೆಯುತ್ತೇನೆ.)

ಒಂದು ಘಟಕದ ಒಂದು ದಿನ ಹೇಗಿರುತ್ತದೆ ಗೊತ್ತಾ? 210 ಮೆಗಾವ್ಯಾಟ್‌ನ ಘಟಕ ಇಡೀ ದಿನ ಪೂರ್ತಿ ಲೋಡಿನಲ್ಲಿ ಓಡಿದರೆ ಸುಮಾರು 50 ಲಕ್ಷ ಯೂನಿಟ್ ಕರೆಂಟ್ ಬರುತ್ತದೆ. ಒಂದು ಯೂನಿಟ್‌ಗೆ ಹೆಚ್ಚೂಕಡಿಮೆ 700 ಗ್ರಾಂ ಕಲ್ಲಿದ್ದಲು ಬೇಕು. ಅಂದರೆ ದಿನಕ್ಕೆ 3,500 ಟನ್. ನಿಮ್ಮೂರ ಗೇಟಿನಲ್ಲಿ ಐವತ್ತೆಂಟು ವ್ಯಾಗನ್ನಿನ ಗೂಡ್ಸ್ ಗಾಡಿ ಹೋಗುವ ತನಕ ಕಾಯ್ತಾ ನಿಲ್ಲುತ್ತೀರಲ್ಲ, ಹತ್ತಿರಹತ್ತಿರ ಆ ಒಂದು ರೇಕ್ ಪೂರ್ತಿ ಒಂದು ಘಟಕದ ಒಂದು ದಿನದ ಊಟ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಬೂದಿ. ಆ ಒಂದು ರೇಕಿನಿಂದ ಸಾವಿರದ ಇನ್ನೂರು ಟನ್ ಬೂದಿ ಉಳಿಯುತ್ತದೆ, ಅಂದರೆ ಅರವತ್ತು ಟಿಪ್ಪರ್ ತುಂಬುವಷ್ಟು. ಚಿಮಣಿಯಿಂದ ಸುಮಾರು 5 ಸಾವಿರ ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಮಗಳ ಆತಂಕಕ್ಕೆ ಕಾರಣ ಇದೇ. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ.

ಈಗ ಭದ್ರತೆಯ ಮಾತು. ಕಲ್ಲಿದ್ದಲು ಇದ್ದರೆ ಕರೆಂಟ್ ಗ್ಯಾರಂಟಿ ಅಂತ ತುಂಬಾ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಆದರೆ ಕರ್ನಾಟಕದಲ್ಲಿ ಒಂದು ಕಲ್ಲಿದ್ದಲು ಗಣಿಯೂ ಇಲ್ಲ. ತೆಲಂಗಾಣದ ಸಿಂಗರೇಣಿ, ಒಡಿಶಾ, ಮಹಾರಾಷ್ಟ್ರದಿಂದ ರೈಲಿನಲ್ಲಿ ಬರಬೇಕು. 2021ರ ಸೆಪ್ಟೆಂಬರ್‌ನಲ್ಲಿ ಗಣಿ ಇರುವ ಕಡೆಗಳಲ್ಲಿ ಮಳೆ ಜೋರಾಯಿತು, ತೆರೆದ ಗಣಿಗಳಿಗೆ ನೀರು ನುಗ್ಗಿತು. ಅಕ್ಟೋಬರ್ ಹೊತ್ತಿಗೆ ದೇಶದ ಎಷ್ಟೋ ಸ್ಥಾವರಗಳಲ್ಲಿ ಮೂರು ನಾಲ್ಕು ದಿನದ ದಾಸ್ತಾನು ಅಷ್ಟೇ ಉಳಿದಿತ್ತು. ಆಗ ನಾನಿದ್ದ ಪ್ಲಾಂಟಿನಲ್ಲಿ, ಹೆಸರು ಬೇಡ, ಕೋಲ್ ಯಾರ್ಡಿನ ನೆಲ ಕಾಣಿಸಿತು. ಡೋಜರ್ ತಳ ಕೆರೆದು ತಂದು ಸುರಿಯುತ್ತಿತ್ತು. ಅದರಲ್ಲಿ ಅರ್ಧ ಕಲ್ಲಿದ್ದಲು, ಅರ್ಧ ಮಣ್ಣು ಮತ್ತು ಗುಂಡುಗಲ್ಲು. ಕಲ್ಲಿದ್ದಲು ಪುಡಿ ಮಾಡುವ ಮಿಲ್ಲುಗಳು ಗಡಗಡ ಸದ್ದು ಮಾಡಿದವು. ಬಾಯ್ಲರ್‌ನಲ್ಲಿ ಬೆಂಕಿ ಆರಬಾರದು ಅಂತ ಫರ್ನೇಸ್ ಆಯಿಲ್ ಹೊಡೆಯುತ್ತಾ ಕೂತಿದ್ದೆವು. ಆ ರಾತ್ರಿಗಳು ನನಗೆ ಇನ್ನೂ ನೆನಪಿವೆ. ಗಣಿಯಿಂದ ದೂರ ಇರುವ ಸ್ಥಾವರ 20ರಿಂದ 26 ದಿನದ ಕಲ್ಲಿದ್ದಲು ಇಟ್ಟುಕೊಳ್ಳಲೇಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರ ಆಮೇಲೆ ನಿಯಮ ಬಿಗಿ ಮಾಡಿತು. ಮುಂದಿನ ವರ್ಷದ ಬೇಸಿಗೆಯಲ್ಲಿ ಕಲ್ಲಿದ್ದಲು ರೇಕ್‌ಗಳಿಗೆ ದಾರಿ ಬಿಡಲು ಪ್ಯಾಸೆಂಜರ್ ರೈಲುಗಳನ್ನೇ ರದ್ದು ಮಾಡಬೇಕಾಯಿತು. ಉಕ್ರೇನ್ ಯುದ್ಧದಿಂದ ವಿದೇಶಿ ಕಲ್ಲಿದ್ದಲಿನ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿತ್ತು. ದೂರದ ಗಣಿ, ರೈಲು, ಮಳೆ, ಯುದ್ಧ ಎಲ್ಲವನ್ನೂ ನೆಚ್ಚಿಕೊಂಡ ಇಂಧನವನ್ನು ಪೂರಾ ಭದ್ರ ಅನ್ನುವುದು ಹೇಗೆ?

ಭದ್ರತೆಯಲ್ಲಿ ತಂತಿಯ ಪಾಲೂ ದೊಡ್ಡದು. ಜನ ಅದನ್ನು ಮರೆಯುತ್ತಾರೆ. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕಿಲೋವೋಲ್ಟ್ ಲೈನ್ ಚಾಲೂ ಆಯಿತು. ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ ಜೊತೆ ಒಂದೇ ತಾಳಕ್ಕೆ ಬಂದಿದ್ದು ಆವತ್ತು. ಈಗ ರಾಜಸ್ಥಾನದ ಬಿಸಿಲೂ ಬೇಕಾದಾಗ ಇಲ್ಲಿಗೆ ಬರಬಹುದು, ಇಲ್ಲಿಯ ಗಾಳಿಯೂ ಅಲ್ಲಿಗೆ ಹೋಗಬಹುದು. 2023ರಲ್ಲಿ ಮಳೆ ಕೈಕೊಟ್ಟಾಗ ಇದು ಎಷ್ಟು ಉಪಕಾರಕ್ಕೆ ಬಂತು ನೋಡಿ. ಆ ವರ್ಷ ಶರಾವತಿ ಕಡೆ ನೀರು ಕಡಿಮೆ. ಬೆಳೆ ಒಣಗುತ್ತಿದೆ ಅಂತ ರೈತರು ಮಳೆಗಾಲದಲ್ಲೇ ಪಂಪ್ ಹಾಕಿದರು. ಯಾರೂ ಅಂದಾಜಿಸದ ಬೇಡಿಕೆ ಬಂತು. ಹಳ್ಳಿಗೆ ಏಳು ಗಂಟೆ ಕೊಡಬೇಕಾದ ತ್ರೀ ಫೇಸ್ ಐದಕ್ಕೆ ಇಳಿಯಿತು. ಉತ್ತರ ಪ್ರದೇಶ, ಪಂಜಾಬಿನಿಂದ ಕೈಗಡದ ಹಾಗೆ ಕರೆಂಟ್ ತಂದೆವು, ಆಮೇಲೆ ಮರಳಿಸುವ ಮಾತಿನ ಮೇಲೆ. ನಿಮ್ಮ ಮನೆಯವರ ಭಯ ಆ ವರ್ಷದ ಅಕ್ಟೋಬರ್‌ನದ್ದೇ ಇರಬೇಕು. ಬಳ್ಳಾರಿಯ ಜೀನ್ಸ್ ಹೊಲಿಯುವವರನ್ನು ಕೇಳಿದರೂ ಅದೇ ಮಾತು ಬರುತ್ತದೆ. ಕರೆಂಟ್ ಹೋದರೆ ಪೀಸ್ ಲೆಕ್ಕದ ಕೂಲಿಯೂ ಹೋಯಿತು.

ಸರಿ, ಬಿಸಿಲಿನ ವಿಷಯಕ್ಕೆ ಬರೋಣ. ಹಗಲಲ್ಲಿ ಸೋಲಾರ್ ಸಾಕಷ್ಟಿದೆ. ಪಾವಗಡ ಪಾರ್ಕ್ ಒಂದೇ 2,050 ಮೆಗಾವ್ಯಾಟ್. ಕೊಪ್ಪಳದ ಕುಷ್ಟಗಿ, ಯಲಬುರ್ಗಾ ಕಡೆ ಗಾಳಿಗಿರಣಿ ಸಾಲುಗಟ್ಟಿ ನಿಂತಿವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅವು ಭರ್ಜರಿ ಓಡುತ್ತವೆ. ತೊಂದರೆ ಇರುವುದು ಸಂಜೆ. ಐದು ಗಂಟೆಯಿಂದ ಆರೂವರೆ ಒಳಗೆ ರಾಜ್ಯದ ಸೋಲಾರ್ ಸಾವಿರಾರು ಮೆಗಾವ್ಯಾಟ್‌ನಿಂದ ಸೊನ್ನೆಗೆ ಬರುತ್ತದೆ. ಅದೇ ಹೊತ್ತಿಗೆ ಮನೆಮನೆಯ ಲೈಟ್, ಫ್ಯಾನ್, ಟಿವಿ, ಅಂಗಡಿ ಬೀದಿ ಎಲ್ಲ ಶುರು. ಕಂಟ್ರೋಲ್ ರೂಮಿನ ಗೋಡೆ ಮೇಲೆ ಒಂದು ಕೆಂಪು ಅಂಕಿ ಇರುತ್ತದೆ, ಫ್ರೀಕ್ವೆನ್ಸಿ. 50.00 ಇರಬೇಕು. 49.90ಕ್ಕಿಂತ ಕೆಳಗೆ ಹೋದರೆ ಯಾವ ಘಟಕ ಎಷ್ಟು ಓಡಬೇಕು ಅಂತ ಹೇಳುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರ್‌ನಿಂದ ಫೋನ್ ಬಂತು ಅಂತಲೇ. ಹಗಲಲ್ಲಿ 'ಬ್ಯಾಕ್‌ಡೌನ್ ಮಾಡಿ', ಅಂದರೆ ಲೋಡ್ ಇಳಿಸಿ ಅಂತಿದ್ದವರು ಈಗ 'ಎತ್ತಿ, ಎತ್ತಿ' ಅನ್ನುತ್ತಾರೆ. ಅರ್ಧ ಲೋಡಿನಲ್ಲಿ ನಿಂತ 210ರ ಘಟಕವನ್ನು ನಿಮಿಷಕ್ಕೆ ಎರಡು ಮೆಗಾವ್ಯಾಟ್‌ನಂತೆ ಎತ್ತಬೇಕು. ಪೂರ್ತಿ ಲೋಡಿಗೆ ಬರಲು ಮುಕ್ಕಾಲು ಗಂಟೆಗೂ ಜಾಸ್ತಿ. ಅವಸರ ಮಾಡಿದರೆ ಕೆಡುವುದು ಬಾಯ್ಲರ್ ಟ್ಯೂಬ್. ದಿನಾ ಬಿಸಿ ಮಾಡಿ ತಣ್ಣಗೆ ಮಾಡಿ, ಮತ್ತೆ ಬಿಸಿ ಮಾಡಿದರೆ ಯಾವ ಉಕ್ಕಾದರೂ ದಣಿಯುತ್ತದೆ.

ಟ್ಯೂಬ್ ಲೀಕ್ ಆದದ್ದು ಮೊದಲು ಕಿವಿಗೆ ಗೊತ್ತಾಗುತ್ತದೆ. ಬಾಯ್ಲರ್ ಗೋಡೆ ಪಕ್ಕ ನಿಂತರೆ ಒಳಗೆ ಹಾವು ಬುಸುಗುಟ್ಟಿದ ಹಾಗೆ ಸಣ್ಣ ಸದ್ದು. ಅದೇ ಹೊತ್ತಿಗೆ ಬಾಯ್ಲರ್ ಮೇಕಪ್ ನೀರು, ಅಂದರೆ ಕಡಿಮೆಯಾದದ್ದನ್ನು ತುಂಬುವ ನೀರು, ಜಾಸ್ತಿ ಕೇಳಲು ಶುರು ಮಾಡುತ್ತದೆ. ಘಟಕ ನಿಲ್ಲಿಸಬೇಕು, ತಣಿಸಬೇಕು, ಒಳಗೆ ಮಂಚಿಗೆ ಕಟ್ಟಿ ತೂತಾದ ಟ್ಯೂಬ್ ಹುಡುಕಬೇಕು, ಕತ್ತರಿಸಿ ಬೆಸೆಯಬೇಕು, ನೀರಿನ ಒತ್ತಡ ಕೊಟ್ಟು ಪರೀಕ್ಷೆ ಮಾಡಬೇಕು, ಮತ್ತೆ ಎಣ್ಣೆಯಿಂದ ಬೆಂಕಿ ಹೊತ್ತಿಸಬೇಕು. ಎರಡು ದಿನ ಹೋಯಿತು. ಏಪ್ರಿಲ್‌ನಲ್ಲಿ ಹೀಗಾದರೆ ಆ ಎರಡು ದಿನ ಯಾವುದೋ ಹಳ್ಳಿಯ ಫೀಡರ್, ಅಂದರೆ ಊರಿಗೆ ಕರೆಂಟ್ ತರುವ ಲೈನ್, ಆಫ್.

ಇಷ್ಟು ಯಾಕೆ ಹೇಳಿದೆ ಅಂದರೆ, ನಮ್ಮ ಸಮಸ್ಯೆ ಇಡೀ ದಿನದ್ದಲ್ಲ. ದಿನಕ್ಕೆ ನಾಲ್ಕೈದು ಗಂಟೆಯದ್ದು, ವರ್ಷಕ್ಕೆ ಮೂರು ತಿಂಗಳದ್ದು. ರಾಜ್ಯದ ಗರಿಷ್ಠ ಬೇಡಿಕೆ 18 ಸಾವಿರ ಮೆಗಾವ್ಯಾಟ್ ದಾಟಿದ್ದು ಮಾರ್ಚ್ ತಿಂಗಳಲ್ಲಿ. ಆಗ ಗಾಳಿಯೂ ಕಡಿಮೆ, ಜಲಾಶಯಗಳೂ ಇಳಿದಿರುತ್ತವೆ. ಕಲ್ಲಿದ್ದಲು ನಿಜವಾಗಿ ಬೇಕಾಗುವುದು ಆಗ. ಜುಲೈ ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲೂ ಗಾಳಿಯೂ ಇರುವಾಗ, ನಲವತ್ತು ವರ್ಷದ ಹಳೆ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವುದಕ್ಕೆ ನನಗಂತೂ ಯಾವ ಕಾರಣವೂ ಕಾಣುವುದಿಲ್ಲ.

ಹಾಗಾಗಿ ನಾನಾದರೆ ಹೀಗೆ ಮಾಡುತ್ತಿದ್ದೆ. ನಮ್ಮ ಸೀಮೆಯಲ್ಲಿ ಇನ್ನು ಹೊಸ ಕಲ್ಲಿದ್ದಲು ಘಟಕ ಬೇಡವೇ ಬೇಡ. ಕಲ್ಲಿದ್ದಲು ಸುಡಲೇಬೇಕಾದಾಗ ಯರಮರಸ್‌ನಂಥ, ಕುಡಿತಿನಿಯ 700ರಂಥ ಸೂಪರ್‌ಕ್ರಿಟಿಕಲ್ ಘಟಕ, ಅಂದರೆ ಹೆಚ್ಚು ಒತ್ತಡ, ಹೆಚ್ಚು ಶಾಖದ ಹಬೆಯಲ್ಲಿ ಓಡುವ ಹೊಸ ಬಗೆಯವು, ಮೊದಲು ಓಡಲಿ. ಅದೇ ಕರೆಂಟಿಗೆ ಅವು ಹಳೆಯವಕ್ಕಿಂತ ಹತ್ತು ಪರ್ಸೆಂಟ್‌ನಷ್ಟು ಕಡಿಮೆ ಕಲ್ಲಿದ್ದಲು ತಿನ್ನುತ್ತವೆ. ಹಳೆಯ ಘಟಕಗಳನ್ನು ಬೇಸಿಗೆಗೂ ಬರಗಾಲಕ್ಕೂ ಮಾತ್ರ ಕಾಯ್ದಿಡಲಿ, ಉಳಿದ ತಿಂಗಳು ತಣ್ಣಗೆ ಇರಲಿ. ಸಂಜೆಗೆ ಬೇರೆ ದಾರಿ ನಿಂತ ಮೇಲೆ ಒಂದೊಂದನ್ನೇ ಕಳಚಲಿ. ಜರ್ಮನಿ 2022ರಲ್ಲಿ ರಷ್ಯಾದ ಗ್ಯಾಸ್ ನಿಂತಾಗ ಹೊಸ ಸ್ಥಾವರ ಕಟ್ಟಲಿಲ್ಲ. ಮೀಸಲು ಇಟ್ಟಿದ್ದ ಹಳೆ ಕಲ್ಲಿದ್ದಲು ಘಟಕಗಳನ್ನೇ ಸ್ವಲ್ಪ ಕಾಲ ಓಡಿಸಿತು. ಬ್ರಿಟನ್ 2024ರ ಸೆಪ್ಟೆಂಬರ್ 30ಕ್ಕೆ ತನ್ನ ಕೊನೆಯ ಕಲ್ಲಿದ್ದಲು ಸ್ಥಾವರ ಮುಚ್ಚಿತು. ಮಗಳು ಅದನ್ನು ಓದಿರಬಹುದು. ಆದರೆ ಬ್ರಿಟನ್ ಹತ್ತಿರ ಗಾಳಿಯ ಜೊತೆ ಗ್ಯಾಸ್ ಇತ್ತು. ನಮ್ಮ ದೇಶದಲ್ಲಿ ಗ್ಯಾಸ್‌ನಿಂದ ಬರುವ ಕರೆಂಟ್ ತೀರಾ ಕಡಿಮೆ, ಅದಕ್ಕೂ ಗ್ಯಾಸ್ ಆಮದು ಮಾಡಬೇಕು. ಅವರ ದಾರಿ ಅವರಿಗೆ ಆಯಿತು, ನಮ್ಮದು ನಾವೇ ಹುಡುಕಬೇಕು.

ಟನ್ ಇಳಿಸಲು ಎಲ್ಲಕ್ಕಿಂತ ಸುಲಭದ ದಾರಿ ನಿಮ್ಮ ಹೊಲದಲ್ಲೇ ಇದೆ. ಕರ್ನಾಟಕದಲ್ಲಿ ಮೂವತ್ತು ಲಕ್ಷಕ್ಕೂ ಜಾಸ್ತಿ ಪಂಪ್‌ಸೆಟ್ ಇವೆ. ಅವಕ್ಕೆ ರಾತ್ರಿ ಕೊಡುತ್ತಿದ್ದ ಕರೆಂಟ್ ಹೆಚ್ಚಾಗಿ ಕಲ್ಲಿದ್ದಲಿನದ್ದು. ಹಗಲು ಹತ್ತರಿಂದ ಐದರ ಒಳಗೆ ಏಳು ಗಂಟೆ ಕೊಟ್ಟರೆ ಅದು ಸೋಲಾರ್. ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಹಾಕಿ ರೈತರ ಫೀಡರ್‌ಗೆ ಕೊಡುವ ಕೆಲಸ ನಡೆದಿದೆ. ಇದು ನನಗೆ ಬಹಳ ಇಷ್ಟದ ಯೋಜನೆ. ಲೈನಿನಲ್ಲಿ ಸೋರಿಕೆ ಕಡಿಮೆ, ಸಂಜೆಯ ಹೊರೆ ಕಡಿಮೆ. ಮುಖ್ಯವಾಗಿ, ನಡುರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು, ಹಾವು ಚೇಳಿನ ನಡುವೆ ಸ್ಟಾರ್ಟರ್ ಒತ್ತಲು ಯಾರೂ ಹೋಗಬೇಕಿಲ್ಲ. ನಿಮ್ಮ ಫೀಡರ್ ಆ ಪಟ್ಟಿಯಲ್ಲಿದೆಯೇ ಅಂತ ಜೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಕೇಳಿ. ಇಲ್ಲದಿದ್ದರೆ ನಾಲ್ಕು ಜನ ರೈತರು ಸೇರಿ ಅರ್ಜಿ ಕೊಡಿ. ಮನೆಯವರಿಗೆ ಈ ಒಂದು ಮಾತು ತಲುಪಿದರೆ ಮಗಳ ಕಡೆ ಅರ್ಧ ವಾಲುತ್ತಾರೆ.

ಸಂಜೆಗೆ ಬೇಕಾದದ್ದು ಕೂಡಿಡುವ ವ್ಯವಸ್ಥೆ. ಒಂದು 210ರ ಘಟಕ ಸಂಜೆ ನಾಲ್ಕು ಗಂಟೆ ಕೊಡುವಷ್ಟನ್ನು ಬ್ಯಾಟರಿಯಿಂದ ಕೊಡಬೇಕಾದರೆ 840 ಮೆಗಾವ್ಯಾಟ್‌ಗಂಟೆ, ಅಂದರೆ 8.4 ಲಕ್ಷ ಯೂನಿಟ್ ಹಿಡಿಯುವ ಬ್ಯಾಟರಿ ಬೇಕು. ಆ ಘಟಕ ಮುಕ್ಕಾಲು ಲೋಡಿನಲ್ಲಿ ಇಡೀ ದಿನ ಕೊಡುವಷ್ಟು ಕರೆಂಟಿಗೆ ನಮ್ಮ ಬಿಸಿಲಲ್ಲಿ ಸುಮಾರು 750 ಮೆಗಾವ್ಯಾಟ್ ಸೋಲಾರ್, ಅಂದರೆ ನಾಲ್ಕು ಸಾವಿರ ಎಕರೆ ಆಸುಪಾಸು ಜಮೀನು ಬೇಕು. ಇದು ಸಣ್ಣ ಮಾತಲ್ಲ. ಪಾವಗಡದಲ್ಲಿ ರೈತರು ಜಮೀನು ಮಾರಲಿಲ್ಲ. 28 ವರ್ಷಕ್ಕೆ ಗುತ್ತಿಗೆ ಕೊಟ್ಟರು, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರು. ಜಮೀನಿದ್ದವರಿಗೆ ಅದು ಒಳ್ಳೆಯದಾಯಿತು. ಆ ಹೊಲಗಳಲ್ಲಿ ಕಳೆ ಕೀಳಲು ಹೋಗುತ್ತಿದ್ದ ಹೆಣ್ಣಾಳುಗಳಿಗೆ ಗುತ್ತಿಗೆ ಹಣ ಯಾರು ಕೊಡುತ್ತಾರೆ? ನಮ್ಮಲ್ಲಿ ಇಂಥದ್ದು ಬಂದಾಗ ಗ್ರಾಮಸಭೆಯಲ್ಲಿ ಈ ಪ್ರಶ್ನೆ ಮೊದಲು ಎತ್ತಿ.

ನೀರಿನಲ್ಲಿ ಕೂಡಿಡುವುದು ಇನ್ನೊಂದು ದಾರಿ. ಹಗಲು ಸೋಲಾರ್‌ನಿಂದ ನೀರು ಮೇಲಕ್ಕೆತ್ತಿ, ಸಂಜೆ ಇಳಿಸಿ ಟರ್ಬೈನ್ ತಿರುಗಿಸುವುದು. ಪಕ್ಕದ ಆಂಧ್ರದ ಪಿನ್ನಾಪುರಂನಲ್ಲಿ 1,680 ಮೆಗಾವ್ಯಾಟ್‌ನ ಇಂಥ ಯೋಜನೆ ಇದೆ. ನದಿಯಿಂದ ದೂರ, ಗುಡ್ಡದ ಮೇಲೊಂದು ಕೆಳಗೊಂದು ಕೆರೆ ಕಟ್ಟಿ ಅದೇ ನೀರನ್ನು ತಿರುಗಿ ತಿರುಗಿ ಬಳಸುವುದರಿಂದ ಕಾಡು ಮುಳುಗುವ ಹಾನಿ ಕಡಿಮೆ. ನಮ್ಮ ಬಳ್ಳಾರಿ, ಕೊಪ್ಪಳದ ಬೋಳು ಗುಡ್ಡಗಳನ್ನು ನೋಡಿದಾಗೆಲ್ಲ ನನಗೆ ಅದೇ ನೆನಪಾಗುತ್ತದೆ.

ಹಳೆ ಘಟಕ ಕಳಚಿದರೂ ಉಳಿಯುವ ಆಸ್ತಿ ಒಂದಿದೆ, ಅದು ಪ್ಲಾಂಟಿನ ಕರೆಂಟನ್ನು ದೊಡ್ಡ ಲೈನಿಗೆ ಸೇರಿಸುವ ಸ್ವಿಚ್‌ಯಾರ್ಡ್. ಊರಿಂದೂರಿಗೆ ಟವರ್ ಎಳೆದು ಲೈನ್ ತರಲು ವರ್ಷಗಟ್ಟಲೆ ಬೇಕು. ಶಕ್ತಿನಗರದಲ್ಲಿ ಲೈನ್ ಈಗಾಗಲೇ ಇದೆ, ಜಾಗ ಇದೆ, ಕೆಲಸ ಬಲ್ಲ ಜನ ಇದ್ದಾರೆ. ಬ್ಯಾಟರಿ ಕೂರಿಸಲು ಅದಕ್ಕಿಂತ ಒಳ್ಳೆ ಜಾಗ ಯಾವುದು? ಊರು ಹಾಳಾಗದ ಹಾಗೆ ಕಲ್ಲಿದ್ದಲು ಬಿಡುವ ದಾರಿ ಇದು ಅಂತ ನನ್ನ ನಂಬಿಕೆ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕೊಪ್ಪಳ–ಬಳ್ಳಾರಿಯ ಸ್ಪಾಂಜ್ ಐರನ್ ಘಟಕಗಳಲ್ಲಿ ಸುಡುವ ಕಲ್ಲಿದ್ದಲಿನ ಕಥೆ ಬೇರೆ. ಅಲ್ಲಿ ಅದು ಅದಿರಿನಿಂದ ಕಬ್ಬಿಣ ಬಿಡಿಸುವ ವಸ್ತುವೂ ಹೌದು. ಸೋಲಾರ್ ಹಾಕಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ನಿಮ್ಮ ಪ್ರಶ್ನೆ ಕರೆಂಟಿನದ್ದಾದ್ದರಿಂದ ಅದನ್ನು ಇಲ್ಲಿಗೆ ಬಿಡುತ್ತೇನೆ.

ಮೆಣಸಿನಕಾಯಿ ಮೇಲಿನ ಬೂದಿಗೆ ಮಾತ್ರ ಇನ್ನೂ ಹತ್ತು ವರ್ಷ ಕಾಯಿರಿ ಅಂತ ನಾನು ಹೇಳಲಾರೆ. ಅದು ಇವತ್ತಿನ ಕೆಲಸ. ಚಿಮಣಿಗೆ ಮೊದಲು ಇಎಸ್‌ಪಿ ಅಂತ ಒಂದು ಯಂತ್ರ ಇರುತ್ತದೆ, ವಿದ್ಯುತ್ ಹಾಯಿಸಿ ಬೂದಿಯನ್ನು ಹಿಡಿಯುತ್ತದೆ. ಸರಿಯಾಗಿದ್ದರೆ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗೂ ಜಾಸ್ತಿ ಹಿಡಿಯುತ್ತದೆ. 2015ರ ಡಿಸೆಂಬರ್‌ನಲ್ಲಿ ಬಂದ ನಿಯಮದಂತೆ ಒಂದು ಘನಮೀಟರ್ ಹೊಗೆಯಲ್ಲಿ ಹಳೆ ಘಟಕಕ್ಕೆ 100 ಮಿಲಿಗ್ರಾಂ, 2004ರಿಂದ 2016ರೊಳಗೆ ಬಂದವಕ್ಕೆ 50, ಆಮೇಲಿನವಕ್ಕೆ 30ರ ಮಿತಿ. ನನ್ನ ಅನುಭವದಲ್ಲಿ ಹಳ್ಳಿಗೆ ಬರುವ ಬೂದಿ ಎಷ್ಟೋ ಸಲ ಚಿಮಣಿಯದ್ದೇ ಅಲ್ಲ, ಪ್ಲಾಂಟಿನ ಬೂದಿಯನ್ನು ನೀರಿನ ಜೊತೆ ಬಿಡುವ ಬೂದಿ ಕೆರೆ ಒಣಗಿ ಏಳುವ ಧೂಳು, ಟಾರ್ಪಾಲು ಹಾಕದ ಟಿಪ್ಪರ್‌ನದ್ದು. ಮೊದಲು ಯಾವುದು ಅಂತ ಗುರುತಿಸಿ. ಬೇಸಿಗೆಯ ಮಧ್ಯಾಹ್ನ, ಗಾಳಿ ಕೆರೆ ಕಡೆಯಿಂದ ಬೀಸುವಾಗ ಜಾಸ್ತಿ ಇದ್ದರೆ ಕೆರೆಯದ್ದು. ರಸ್ತೆ ಪಕ್ಕದ ಮನೆಗಳಿಗೆ ಮಾತ್ರ ಬಿದ್ದರೆ ಟಿಪ್ಪರ್‌ನದ್ದು. ದಿನಾಂಕ, ಹೊತ್ತು, ಗಾಳಿ ದಿಕ್ಕು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಮಗಳಿಗೆ ಹೇಳಿ. ಫೋಟೊ ತೆಗೆಯಲಿ. ಒಂದು ತಿಂಗಳ ಆ ಪಟ್ಟಿ ಇಟ್ಟುಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಕೆರೆಗೆ ಸ್ಪ್ರಿಂಕ್ಲರ್ ಹಾಕಿ, ತೇವ ಆರದ ಹಾಗೆ ನೋಡಿಕೊಳ್ಳಿ ಅಂತ ಕೇಳುವುದು ನಿಮ್ಮ ಹಕ್ಕು. ಪರಿಸರ ಷರತ್ತು ಎಷ್ಟು ಪಾಲಿಸಿದ್ದಾರೆ ಅಂತ ಸ್ಥಾವರದವರು ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಮಾಹಿತಿ ಹಕ್ಕಿನಲ್ಲಿ ಅದನ್ನೂ ಪಡೆಯಬಹುದು. ನಲವತ್ತು ವರ್ಷದಿಂದ ಬೆಳಕು ಬೆಂಗಳೂರಿನ ತನಕ ಹೋಗಿದೆ, ಬೂದಿ ಇಲ್ಲೇ ಉಳಿದಿದೆ. ಈ ಸೀಮೆಯ ಜನ ಇಷ್ಟು ಕೇಳಿದರೆ ಯಾರೂ ತಪ್ಪು ತಿಳಿಯಬಾರದು.

ಕೊನೆಗೆ ನಿಮ್ಮ ತಮ್ಮ. ಇದೇ ನನಗೆ ಹೆಚ್ಚು ಚಿಂತೆಯ ವಿಷಯ. ಕಾಯಂ ನೌಕರರಿಗೆ ವರ್ಗಾವಣೆ ಇದೆ, ಪೆನ್ಷನ್ ಇದೆ. ಕಾಂಟ್ರ್ಯಾಕ್ಟ್ ಹುಡುಗರಿಗೆ ಘಟಕ ನಿಂತ ದಿನವೇ ಗೇಟ್ ಪಾಸ್ ನಿಲ್ಲುತ್ತದೆ. ಮೊದಲು ಅವರ ಪಿಎಫ್ ಖಾತೆಗೆ ಪ್ರತಿ ತಿಂಗಳು ಹಣ ಬೀಳುತ್ತಿದೆಯೇ ನೋಡಿ. ಯುಎಎನ್ ನಂಬರ್ ಅವರ ಕೈಯಲ್ಲೇ ಇರಲಿ. ಗುತ್ತಿಗೆದಾರ ಬದಲಾದಾಗೆಲ್ಲ ಅನುಭವ ಪತ್ರ ಬರೆಸಿಕೊಳ್ಳಲಿ. ಮುಂದಿನ ದಾರಿ ಅವರು ಯಾವ ಕೆಲಸದಲ್ಲಿದ್ದಾರೆ ಅನ್ನುವುದರ ಮೇಲಿದೆ. ಬಾಯ್ಲರ್ ಕಡೆ ಇದ್ದರೆ ಬಾಯ್ಲರ್ ಅಟೆಂಡೆಂಟ್ ಪರೀಕ್ಷೆ ಕಟ್ಟಲಿ. ಸಿಂಧನೂರು, ಕಾರಟಗಿ, ಗಂಗಾವತಿಯ ರೈಸ್ ಮಿಲ್ಲುಗಳಲ್ಲೂ ಬಾಯ್ಲರ್ ಇವೆ, ಸರ್ಟಿಫಿಕೇಟ್ ಇದ್ದವರನ್ನು ಕರೆದು ಕೆಲಸ ಕೊಡುತ್ತಾರೆ. ಎಲೆಕ್ಟ್ರಿಕಲ್ ಆದರೆ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಮಾಡಿಸಲಿ. ಸೋಲಾರ್, ಬ್ಯಾಟರಿ, ಸಬ್‌ಸ್ಟೇಷನ್ ಎಲ್ಲ ಕಡೆ ಅದು ನಡೆಯುತ್ತದೆ. ಕಲ್ಲಿದ್ದಲು ಇಳಿಸುವ ಕಡೆ, ಬೆಲ್ಟ್ ಮೇಲೆ ಕೆಲಸವಾದರೆ ಮೊದಲು ಕುತ್ತು ಬರುವುದು ಅಲ್ಲಿಗೇ. ಈಗಲೇ ಬೇರೆ ಸೆಕ್ಷನ್ನಿಗೆ ಹೋಗಲು ಪ್ರಯತ್ನಿಸಲಿ. ಬೆಲ್ಟ್ ಕೆಲಸದವರಿಗೆ ವರ್ಷಕ್ಕೊಮ್ಮೆ ಎದೆ ಎಕ್ಸ್‌ರೇಯನ್ನೂ ಮಾಡಿಸಿ. ಅವರ ವಯಸ್ಸು, ಓದು, ಯಾವ ಸೆಕ್ಷನ್ ಅಂತ ನನಗೆ ಇನ್ನೊಂದು ಸಲ ಬರೆಯಿರಿ, ನೋಡಿ ಹೇಳುತ್ತೇನೆ.